ಹಿಮದ ಮೇಲಿನ ದಾಖಲೆ: ಯಾರದು ನಿಜವಾದ ವೇಗ?

ಎರಡು ವರ್ಷಗಳ ಲೆಕ್ಕವನ್ನು ಹೋಲಿಸಬೇಕಾದರೆ ಎರಡನ್ನೂ ಒಂದೇ ಪದ್ಧತಿಯಲ್ಲಿ ಬರೆದಿರಬೇಕು ಎಂದು ನಾವು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಕ್ರೀಡಾ ದಾಖಲೆಗಳಿಗೂ ಈ ಮಾತು ಹೊಂದುತ್ತದೆಯೇ ಎಂದು ನೋಡಲು ನಾನು ಆರಿಸಿಕೊಂಡದ್ದು ಅಮೆರಿಕದ ಅಲಾಸ್ಕಾದಲ್ಲಿ ಪ್ರತಿ ಮಾರ್ಚ್‌ನಲ್ಲಿ ನಡೆಯುವ ಇಡಿಟರಾಡ್ ಓಟವನ್ನು. ಚಕ್ರವಿಲ್ಲದ ಗಾಡಿಯನ್ನು ನಾಯಿಗಳ ತಂಡವೊಂದು ಹಿಮದ ಮೇಲೆ ಎಳೆಯುತ್ತದೆ. ಗಾಡಿಯ ಹಿಂದೆ ನಿಲ್ಲುವವರಿಗೆ ‘ಮಷರ್’ ಎಂದು ಹೆಸರು. ನೋಮ್ ಪಟ್ಟಣದವರೆಗೆ ಸುಮಾರು 1,600 ಕಿ.ಮೀ. ದಾರಿ.

1973ರ ಮೊದಲ ಓಟವನ್ನು ಡಿಕ್ ವಿಲ್ಮಾರ್ತ್ ಗೆದ್ದದ್ದು 20 ದಿನಗಳಲ್ಲಿ. 1978ರ ಓಟವಂತೂ ಸಿನಿಮಾದಂತಿದೆ. ಎರಡು ವಾರ ಓಡಿದ ಮೇಲೆ ಡಿಕ್ ಮ್ಯಾಕಿ ಮತ್ತು ರಿಕ್ ಸ್ವೆನ್ಸನ್ ಒಟ್ಟೊಟ್ಟಿಗೇ ನೋಮ್ ತಲುಪಿದರು. ಗೆದ್ದವರು ಯಾರು? ಗೆರೆಯನ್ನು ಮೊದಲು ದಾಟಿದ ನಾಯಿಯ ಮೂಗನ್ನು ನೋಡಿ ಮ್ಯಾಕಿ ಎಂದು ತೀರ್ಪಾಯಿತು. ಅಂತರ ಒಂದೇ ಒಂದು ಸೆಕೆಂಡ್! 1985ರಲ್ಲಿ ಬಿರುಗಾಳಿಗೆ ಹೆದರಿ ಬೇರೆಯವರು ತಡೆದು ನಿಂತಾಗ ಲಿಬ್ಬಿ ರಿಡಲ್ಸ್ ಹೊರಟೇಬಿಟ್ಟರು, ಗೆದ್ದ ಮೊದಲ ಮಹಿಳೆಯಾದರು. ನಂತರ ಸುಸಾನ್ ಬುಚರ್ ನಾಲ್ಕು ಸಲ ಗೆದ್ದರು.

ಈಗ ನನ್ನ ಪ್ರಶ್ನೆಗೆ ಬರೋಣ. 2016ರಲ್ಲಿ ಡಲ್ಲಾಸ್ ಸೀವಿ 8 ದಿನ 11 ಗಂಟೆ 20 ನಿಮಿಷದಲ್ಲಿ ಮುಟ್ಟಿ ದಾಖಲೆ ಬರೆದರು. ಮರುವರ್ಷವೇ ಅದನ್ನು ಮುರಿದವರು ಅವರ ತಂದೆ, 57 ವರ್ಷದ ಮಿಚ್ ಸೀವಿ: 8 ದಿನ 3 ಗಂಟೆ 40 ನಿಮಿಷ. ಮಗ ಎರಡನೆಯವರು. ಕಡ್ಡಾಯ ವಿಶ್ರಾಂತಿಯ ಸುಮಾರು 40 ಗಂಟೆಯೂ ಇದರೊಳಗೇ ಸೇರಿದೆ ಎನ್ನುವುದನ್ನು ಮರೆಯಬೇಡಿ.

ಆದರೆ 2017ರಲ್ಲಿ ಮಾಮೂಲು ದಾರಿಯಲ್ಲಿ ಹಿಮ ಸಾಕಷ್ಟಿರಲಿಲ್ಲ. ಓಟವನ್ನು ಫೇರ್‌ಬ್ಯಾಂಕ್ಸ್‌ನಿಂದ ಆರಂಭಿಸಿದರು. ಅಲಾಸ್ಕಾ ಪರ್ವತಶ್ರೇಣಿ ಹತ್ತಿಳಿಯುವ ಕಷ್ಟ ತಪ್ಪಿತು, ಬಹುಪಾಲು ಹೆಪ್ಪುಗಟ್ಟಿದ ನದಿಯ ಸಮತಟ್ಟು ದಾರಿ. ಹಾಗಾದರೆ ತಂದೆಯ ಸಮಯದ ಪಕ್ಕದಲ್ಲಿ ಮಗನ ಸಮಯವನ್ನಿಟ್ಟು ಕಳೆಯುವುದು ಸರಿಯೇ? ನನ್ನ ಲೆಕ್ಕದಲ್ಲಿ ಎರಡಕ್ಕೂ ಬೇರೆ ಬೇರೆ ಖಾತೆ ಬೇಕು. 2025ರಲ್ಲೂ ಫೇರ್‌ಬ್ಯಾಂಕ್ಸ್‌ನಿಂದಲೇ ಹೊರಟರು. ಆದರೆ ದಾರಿ 1,800 ಕಿ.ಮೀ. ದಾಟಿತ್ತು, ಗೆದ್ದ ಜೆಸ್ಸಿ ಹೋಮ್ಸ್‌ಗೆ ಹತ್ತೂವರೆ ದಿನ ಹಿಡಿಯಿತು. ಅವರು ನಿಧಾನಿ ಎಂದು ಯಾರು ಹೇಳುತ್ತಾರೆ?

ಗೆಲುವಿನ ಎಣಿಕೆ ಇಷ್ಟು ತೊಡಕಿನದಲ್ಲ. ಸ್ವೆನ್ಸನ್ 1991ಕ್ಕೆ ಐದು ಸಲ ಗೆದ್ದಿದ್ದರು. ಡಲ್ಲಾಸ್ 2024ರಲ್ಲಿ ಆರನೆಯದನ್ನು ಗೆದ್ದು ಅವರನ್ನು ಹಿಂದಿಕ್ಕಿದರು. ದಾರಿಯಲ್ಲಿ ಮೂಸ್ ಎಂಬ ದೈತ್ಯ ಕಡವೆ ತಂಡದ ಮೇಲೆ ಬಿದ್ದಾಗ ಅದನ್ನು ಗುಂಡಿಕ್ಕಿ ಕೊಂದರು. ಅದರ ಕರುಳನ್ನು ಸರಿಯಾಗಿ ತೆಗೆಯಲಿಲ್ಲವೆಂದು ಎರಡು ಗಂಟೆ ದಂಡ ಬಿತ್ತು, ಆದರೂ ಗೆದ್ದರು.

ಇದನ್ನೆಲ್ಲ ಮನೆಯಲ್ಲಿ ಉರ್ದುವಿನಲ್ಲಿ ಹೇಳುತ್ತಿದ್ದಾಗ ಅಮ್ಮಿ ಕೇಳಿದ್ದು ಒಂದೇ: “ನಾಯಿಗಳೆಲ್ಲ ವಾಪಸ್ ಬರುತ್ತವಾ?” 2024ರ ಓಟದಲ್ಲಿ ಮೂರು ನಾಯಿಗಳು ಸತ್ತವು. ಪ್ರಾಣಿಪ್ರಿಯರು ಈ ಓಟವನ್ನು ವಿರೋಧಿಸುವುದು ಇದಕ್ಕೇ. ವಿಜೇತರ ಪಟ್ಟಿಯಲ್ಲಿ ವರ್ಷ, ಹೆಸರು, ಸಮಯ ಇರುತ್ತವೆ. ಅಮ್ಮಿಯ ಪ್ರಶ್ನೆಗೆ ಅದರಲ್ಲಿ ಕಾಲಂ ಇಲ್ಲ.