ಮೊಬೈಲಿನಲ್ಲಿ ಬರುವ ಕೃಷಿ ಸಲಹೆ: ಹೇಳುವವರಿಗೆ ಅರ್ಹತೆ ಬೇಕೆ?

ಬೀಜ, ಗೊಬ್ಬರ, ನೀರುಗಳಂತೆ ಸಲಹೆಯೂ ಬೇಸಾಯದ ಒಂದು ಪರಿಕರವೇ ಸರಿ. ಬೀಜ ಕಳಪೆಯಾದರೆ ಮೊಳಕೆ ಬರುವುದಿಲ್ಲ. ಸಲಹೆ ಕಳಪೆಯಾದರೆ ಬೆಳೆ ಹೋಗುತ್ತದೆ, ಹಣ ಹೋಗುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಕೀಟನಾಶಕದ ಡಬ್ಬಿಗೆ ಬಣ್ಣದ ತ್ರಿಕೋನವಿರುತ್ತದೆ. ಆದರೆ ಸಲಹೆಗೆ ಇಂಥ ಯಾವ ಗುರುತೂ ಇಲ್ಲ.

ಬೆಳೆಯಲ್ಲಿ ಹುಳವೋ ರೋಗವೋ ಕಂಡ ಕೂಡಲೇ ಅನೇಕ ರೈತರು ಇಂದು ಮೊದಲು ನೋಡುವುದು ಕೈಯಲ್ಲಿರುವ ಮೊಬೈಲನ್ನು. ಯೂಟ್ಯೂಬ್, ಫೇಸ್‌ಬುಕ್, ವಾಟ್ಸ್‌ಆಪ್‌ಗಳಲ್ಲಿ ಬೇಸಾಯದ ವಿಡಿಯೋಗಳಿಗೆ ಕೊರತೆಯಿಲ್ಲ. ಇವನ್ನು ತಯಾರಿಸಿ ಸಾವಿರಾರು ನೋಡುಗರನ್ನು ಗಳಿಸಿದವರನ್ನು ಇನ್‌ಫ್ಲುಯೆನ್ಸರ್ ಅಥವಾ ಪ್ರಭಾವಿಗಳು ಎಂದು ಕರೆಯುವುದು ರೂಢಿಯಾಗಿದೆ. ಇವರಲ್ಲಿ ಅನುಭವಿ ರೈತರಿದ್ದಾರೆ, ಕೃಷಿ ಪದವೀಧರರಿದ್ದಾರೆ, ಸರಕು ಮಾರುವವರಿಂದ ಹಣ ಪಡೆದು ಮಾತನಾಡುವವರೂ ಇದ್ದಾರೆ. ನೋಡುವವರಿಗೆ ಈ ಮೂವರೂ ಒಂದೇ ರೀತಿ ಕಾಣುತ್ತಾರೆ. ಆದ್ದರಿಂದ ಇಂಥವರಿಗೆ ಅರ್ಹತೆಯನ್ನು ಕಡ್ಡಾಯ ಮಾಡಬೇಕೆ, ಮಾಡಿದರೆ ಎಲ್ಲಿಯವರೆಗೆ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಬೇರೆ ಕ್ಷೇತ್ರಗಳಲ್ಲಿ ಏನು ನಡೆದಿದೆ?

ಚೀನಾ ದೇಶದಲ್ಲಿ 2022ರ ಜೂನ್ ತಿಂಗಳಲ್ಲಿ ಅಲ್ಲಿನ ರೇಡಿಯೋ-ಟೆಲಿವಿಷನ್ ಆಡಳಿತ ಹಾಗೂ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯಗಳು ಜಾಲತಾಣದ ನಿರೂಪಕರಿಗೆ ನಡವಳಿಕೆಯ ಸಂಹಿತೆಯೊಂದನ್ನು ಹೊರಡಿಸಿದವು. ವೈದ್ಯಕೀಯ, ಹಣಕಾಸು, ಕಾನೂನು, ಶಿಕ್ಷಣ ಮುಂತಾದ ಹೆಚ್ಚಿನ ಪರಿಣತಿ ಬೇಡುವ ವಿಷಯಗಳಲ್ಲಿ ನೇರ ಪ್ರಸಾರ ಮಾಡುವವರು ತಕ್ಕ ಅರ್ಹತೆ ಪಡೆದಿರಬೇಕು, ಅದನ್ನು ಜಾಲತಾಣದ ಸಂಸ್ಥೆಗೆ ತೋರಿಸಬೇಕು, ಸಂಸ್ಥೆಯು ಪರಿಶೀಲಿಸಿ ದಾಖಲೆ ಇಡಬೇಕು ಎಂಬುದು ಅದರ ಒಂದು ಅಂಶ.

ನಮ್ಮ ದೇಶದಲ್ಲಿಯೂ ಕೆಲವು ಹೆಜ್ಜೆಗಳನ್ನು ಇಡಲಾಗಿದೆ. ಹಣ ಅಥವಾ ಉಡುಗೊರೆ ಪಡೆದು ಸರಕನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಆಗಸ್ಟ್‌ನಲ್ಲಿ, ವೈದ್ಯರೆಂದು ಹೇಳಿಕೊಂಡು ಆರೋಗ್ಯದ ಮಾಹಿತಿ ಕೊಡುವವರು ತಮ್ಮ ಅರ್ಹತೆಯನ್ನು ತಿಳಿಸಬೇಕು, ಉಳಿದವರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಲ್ಲವೆಂದು ತಿಳಿಸಬೇಕು ಎಂದು ಇನ್ನೊಂದು ಮಾರ್ಗಸೂಚಿ ಬಂದಿತು. ನೀರು ಕುಡಿಯಿರಿ, ವ್ಯಾಯಾಮ ಮಾಡಿ ಎಂಬಂಥ ಸಾಮಾನ್ಯ ಮಾತುಗಳನ್ನು ಅದರಿಂದ ಹೊರಗಿಡಲಾಯಿತು. ಷೇರು ಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರಲ್ಲಿ, ನೋಂದಣಿ ಇಲ್ಲದೆ ಹೂಡಿಕೆ ಸಲಹೆ ಕೊಡುವವರೊಡನೆ ನೋಂದಾಯಿತ ಸಂಸ್ಥೆಗಳು ವ್ಯವಹಾರ ಸಂಬಂಧ ಇಡಬಾರದೆಂದು ನಿಯಮ ಮಾಡಿತು. ಹೂಡಿಕೆಯ ವಿಷಯವನ್ನು ಕೇವಲ ಪಾಠವಾಗಿ ಹೇಳಿಕೊಡುವುದಕ್ಕೆ ಅಡ್ಡಿಯಿಲ್ಲ. ಸಾಮಾನ್ಯ ತಿಳಿವಳಿಕೆ ಬೇರೆ, ನಿರ್ದಿಷ್ಟ ಸಲಹೆ ಬೇರೆ ಎಂಬ ಈ ವಿಂಗಡಣೆಯನ್ನು ಓದುಗರು ಗಮನದಲ್ಲಿಡಬೇಕು.

ಬೇಸಾಯದಲ್ಲಿ ಉಳಿದಿರುವ ಕೊರತೆ

ದನಕರುಗಳ ಚಿಕಿತ್ಸೆಗೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಇದೆ. ನೋಂದಣಿ ಪಡೆದ ಪಶುವೈದ್ಯರು ಮಾತ್ರ ಪಶುವೈದ್ಯ ವೃತ್ತಿ ನಡೆಸಬಹುದು. ಕೀಟನಾಶಕಗಳಿಗೆ 1968ರ ಕಾಯ್ದೆ ಮತ್ತು 1971ರ ನಿಯಮಗಳಿವೆ. ಈ ನಿಯಮಗಳಿಗೆ 2015ರಲ್ಲಿ ಆದ ತಿದ್ದುಪಡಿಯಂತೆ ಕೀಟನಾಶಕ ಮಾರುವ ಪರವಾನಗಿಗೆ ಕೃಷಿ ಅಥವಾ ಸಂಬಂಧಿಸಿದ ವಿಜ್ಞಾನದಲ್ಲಿ ಪದವಿ ಇಲ್ಲವೆ ಡಿಪ್ಲೊಮಾ ಬೇಕು. ಹಳೆಯ ಮಾರಾಟಗಾರರಿಗೆ ಕಾಲಾವಕಾಶ ಕೊಟ್ಟು, ತರಬೇತಿ ಪಡೆಯುವ ಸೌಲಭ್ಯವನ್ನೂ ಕಲ್ಪಿಸಲಾಯಿತು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು ಪರಿಕರ ಮಾರಾಟಗಾರರಿಗಾಗಿ ಒಂದು ವರ್ಷದ ಡಿಪ್ಲೊಮಾ ಶಿಕ್ಷಣವನ್ನು 2003ರಲ್ಲಿಯೇ ಪ್ರಾರಂಭಿಸಿತ್ತು.

ಹೀಗೆ ಡಬ್ಬಿಯನ್ನು ಕೈಗೆ ಕೊಡುವ ಅಂಗಡಿಯವರಿಗೆ ಅರ್ಹತೆ ಬೇಕು. ಆದರೆ ಯಾವ ಡಬ್ಬಿ ತರಬೇಕು, ಎಷ್ಟು ಹಾಕಬೇಕು, ಯಾವುದರೊಡನೆ ಬೆರೆಸಬೇಕು ಎಂದು ಸಾವಿರಾರು ಜನರಿಗೆ ಒಮ್ಮೆಲೇ ಹೇಳುವವರಿಗೆ ಯಾವ ಅರ್ಹತೆಯೂ ಬೇಕಾಗಿಲ್ಲ. ಅಂಗಡಿಯವರು ತಪ್ಪು ಹೇಳಿದರೆ ಮರುದಿನ ಹೋಗಿ ಕೇಳಬಹುದು, ರಸೀದಿ ತೋರಿಸಬಹುದು. ವಿಡಿಯೋದಲ್ಲಿ ಹೇಳಿದವರನ್ನು ಎಲ್ಲಿ ಹೋಗಿ ಕೇಳುವುದು?

ತಪ್ಪು ಸಲಹೆಯಿಂದ ಹಾನಿಯಾಗುವ ಬಗೆ

1. ಪ್ರಮಾಣದ ತಪ್ಪು: ಕರ್ನಾಟಕದಲ್ಲಿ 2018ರಲ್ಲಿ ಮೊದಲಿಗೆ ಕಾಣಿಸಿಕೊಂಡ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿನ ಉದಾಹರಣೆ ತೆಗೆದುಕೊಳ್ಳೋಣ. ಇದರ ಹತೋಟಿಗೆ ಪ್ರತಿ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಎಂಬುದು ಶಿಫಾರಸು. 15 ಲೀಟರಿನ ಪಂಪಿಗೆ ಲೆಕ್ಕ ಹಾಕಿದರೆ 6 ಗ್ರಾಂ ಆಗುತ್ತದೆ. "ಪಂಪಿಗೆ ಒಂದು ಚಮಚ" ಎಂದು ಯಾರಾದರೂ ಹೇಳಿದರೆ ಅದು ಅಳತೆಯಲ್ಲ; ಚಮಚ ಮನೆಯಿಂದ ಮನೆಗೆ ಬೇರೆ. ಇದೇ ಔಷಧಿ 1.9 ಇ.ಸಿ. ರೂಪದಲ್ಲಿಯೂ ಸಿಗುತ್ತದೆ. ಹೆಸರು ಒಂದೇ ಆದರೂ ಶಕ್ತಿ ಬೇರೆ, ಆದ್ದರಿಂದ ಪ್ರಮಾಣವೂ ಬೇರೆ. ಹೆಸರನ್ನಷ್ಟೇ ಹೇಳಿ ಶೇಕಡಾ ಪ್ರಮಾಣವನ್ನು ಹೇಳದ ಸಲಹೆಯು ಅರ್ಧ ಸಲಹೆ.

2. ಮಿಶ್ರಣದ ತಪ್ಪು: ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಸಿಂಪಡಿಸುವಾಗ ವಿಷ ತಗುಲಿ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅದಕ್ಕೆ ವಿಡಿಯೋ ಕಾರಣವಲ್ಲ. ಹಲವು ಔಷಧಿಗಳನ್ನು ಮನಸ್ಸಿಗೆ ಬಂದಂತೆ ಬೆರೆಸಿದ್ದು, ಎತ್ತರ ಬೆಳೆದ ಹತ್ತಿಯಲ್ಲಿ ಮೈಗೆ ರಕ್ಷಣೆಯಿಲ್ಲದೆ ಸಿಂಪಡಿಸಿದ್ದು ಕಾರಣಗಳಲ್ಲಿ ಮುಖ್ಯವಾದವು. "ಮೂರನ್ನೂ ಸೇರಿಸಿ ಒಂದೇ ಸಲ ಹೊಡೆಯಿರಿ" ಎಂಬ ಸಲಹೆ ಎಷ್ಟು ಅಪಾಯಕಾರಿ ಎಂಬುದನ್ನು ಈ ಘಟನೆ ತೋರಿಸುತ್ತದೆ.

3. ಮಣ್ಣು, ಬೆಳೆ ತಿಳಿಯದ ತಪ್ಪು: ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಮಲೆನಾಡು, ಕರಾವಳಿಗಳ ಹುಳಿ ಮಣ್ಣಿಗೆ ಸುಣ್ಣ ಹಾಕುವುದು ಸರಿಯಾದ ಕ್ರಮ. ಅದನ್ನು ಕೇಳಿ ವಿಜಯಪುರದ ಕಡೆಯ ಸುಣ್ಣದಂಶವಿರುವ ಕಪ್ಪು ಭೂಮಿಗೆ ಸುಣ್ಣ ಹಾಕಿದರೆ ಹಣ ವ್ಯರ್ಥ. ಕ್ಷಾರ ಭೂಮಿಯ ಸುಧಾರಣೆಗೆ ಬೇಕಾದದ್ದು ಜಿಪ್ಸಂ. ಹಾಗೆಯೇ ಕಬ್ಬು, ಮೆಕ್ಕೆಜೋಳಗಳಲ್ಲಿ ಬಳಸುವ 2,4-ಡಿ ಕಳೆನಾಶಕ ಗಾಳಿಗೆ ತೂರಿ ಬಂದರೂ ಸಾಕು, ಹತ್ತಿ, ಟೊಮೆಟೊ, ದ್ರಾಕ್ಷಿ ಬೆಳೆಗಳ ಎಲೆ ಮುದುರುತ್ತವೆ. ಹೇಳಿದವರ ಹೊಲದಲ್ಲಿ ಸರಿಯಾಗಿದ್ದ ಮಾತು ಕೇಳಿದವರ ಹೊಲದಲ್ಲಿ ತಪ್ಪಾಗಬಹುದು.

4. ಕಾಲ ಮೀರಿದ ಸಲಹೆ: ಎಂಡೋಸಲ್ಫಾನ್ ಬಳಕೆಯನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆಯಿತು. ಮೋನೋಕ್ರೋಟೋಫಾಸ್ 36 ಎಸ್.ಎಲ್. 2023ರಲ್ಲಿ ನಿಷೇಧದ ಪಟ್ಟಿಗೆ ಸೇರಿತು. ಆದರೆ ಹಳೆಯ ವಿಡಿಯೋ ತಾನಾಗಿ ಅಳಿಸಿಹೋಗುವುದಿಲ್ಲ. ಯಾರೋ ಮುಂದಕ್ಕೆ ಕಳುಹಿಸಿದಾಗ ಅದು ಹೊಸದರಂತೆಯೇ ಬರುತ್ತದೆ.

ಪದವಿಯೊಂದೇ ಸಾಕೆ?

ಇಷ್ಟು ಓದಿದ ಮೇಲೆ "ಪದವಿ ಇಲ್ಲದವರು ಬಾಯಿ ತೆರೆಯಲೇ ಕೂಡದು" ಎಂದು ಕಟ್ಟಪ್ಪಣೆ ಮಾಡಬೇಕೆನಿಸಬಹುದು. ಅದು ಸರಿಯಾದ ದಾರಿಯಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದಾಗಿ, ಬೇಸಾಯದ ಜ್ಞಾನದ ಬಹುಪಾಲು ಹುಟ್ಟಿದ್ದು ಹೊಲದಲ್ಲಿ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಲೇ ಒಣ ಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಎಂಜಿನಿಯರಿಂಗ್ ಪದವೀಧರರಲ್ಲ, ಆದರೂ ರೈತರಿಗೆ ಉಪಯುಕ್ತವಾದ ಉಪಕರಣಗಳನ್ನು ನಿರ್ಮಿಸಿದರು. ಇಬ್ಬರಿಗೂ 2022ರಲ್ಲಿ ಪದ್ಮಶ್ರೀ ಗೌರವ ದೊರೆಯಿತು. ಸೈನಿಕ ಹುಳುವಿಗೆ ಮೆಕ್ಕೆಜೋಳದ ಸುಳಿಯಲ್ಲಿ ಮರಳು ಹಾಕುವುದು ಹಳ್ಳಿಯ ಉಪಾಯದಂತೆ ತೋರಬಹುದು. ಆದರೆ ಬಿತ್ತಿದ ಮೊದಲ ತಿಂಗಳಲ್ಲಿ 9 ಪಾಲು ಮರಳಿಗೆ 1 ಪಾಲು ಸುಣ್ಣ ಬೆರೆಸಿ ಸುಳಿಗೆ ಹಾಕುವುದು ಅಧಿಕೃತ ಶಿಫಾರಸುಗಳಲ್ಲಿಯೂ ಇದೆ. ಇಂಥ ಮಾತುಗಳನ್ನು ಆಡುವವರ ಬಾಯಿ ಮುಚ್ಚಿಸಿದರೆ ನಷ್ಟ ರೈತರಿಗೇ.

ಎರಡನೆಯದಾಗಿ, ಪದವಿ ಇದ್ದವರ ಮಾತೂ ತಪ್ಪಾಗಬಹುದು. ಎಂಡೋಸಲ್ಫಾನ್ ದಶಕಗಳ ಕಾಲ ಅಧಿಕೃತ ಶಿಫಾರಸಿನಲ್ಲಿಯೇ ಇತ್ತು. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಗೇರು ತೋಟಗಳ ಸುತ್ತಲಿನ ಜನ ತಮ್ಮ ಮಕ್ಕಳ ಆರೋಗ್ಯದ ಬಗ್ಗೆ ದೂರು ಹೇಳಿದಾಗ ಅವರ ಬಳಿ ವಿಷವಿಜ್ಞಾನದ ಪ್ರಮಾಣಪತ್ರ ಇರಲಿಲ್ಲ. ಪ್ರಮಾಣಪತ್ರ ಇದ್ದವರಿಗೆ ಮಾತ್ರ ಮಾತು ಎಂದಿದ್ದರೆ ಆ ದೂರು ಹೊರಬರುವುದು ಇನ್ನೂ ತಡವಾಗುತ್ತಿತ್ತು. ಬೀಜ ಮೊಳೆಯಲಿಲ್ಲ, ಯೋಜನೆಯ ಹಣ ಬರಲಿಲ್ಲ ಎಂದು ಹೇಳುವ ರೈತರಿಗೆ ಯಾರೂ ಪರವಾನಗಿ ಕೇಳುವಂತಾಗಬಾರದು.

ಮೂರನೆಯದಾಗಿ, ಪದವಿ ತಿಳಿವಳಿಕೆಯನ್ನು ತೋರಿಸುತ್ತದೆಯೇ ಹೊರತು ಪ್ರಾಮಾಣಿಕತೆಯನ್ನಲ್ಲ. ಪದವಿ ಪಡೆದವರು ಕಂಪನಿಯಿಂದ ಹಣ ಪಡೆದು ಅದನ್ನು ಮುಚ್ಚಿಟ್ಟರೆ, ಪದವಿಯೇ ಮೋಸಕ್ಕೆ ಸಾಧನವಾಗುತ್ತದೆ.

ಗೆರೆಯನ್ನು ಎಲ್ಲಿ ಎಳೆಯಬೇಕು?

ಆದ್ದರಿಂದ ಅರ್ಹತೆಯನ್ನು ಕೇಳಬೇಕಾದದ್ದು ಮಾತನಾಡುವುದಕ್ಕಲ್ಲ, ಮದ್ದು ಬರೆದುಕೊಡುವುದಕ್ಕೆ. ಕೃಷಿ ವಿಡಿಯೋಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ.

(ಅ) ಅನುಭವ ಕಥನ: "ನಾನು ಹೀಗೆ ಮಾಡಿದೆ, ನನಗೆ ಇಷ್ಟು ಇಳುವರಿ ಬಂತು" ಎಂಬುದು. ಇದಕ್ಕೆ ಅರ್ಹತೆ ಬೇಡ. ಊರು, ಮಣ್ಣು, ತಳಿ, ಹಂಗಾಮು ತಿಳಿಸಿದರೆ ಸಾಕು.

(ಆ) ಸಾಮಾನ್ಯ ತಿಳಿವಳಿಕೆ: ಬೀಜೋಪಚಾರ, ಮಣ್ಣು ಪರೀಕ್ಷೆ, ಬದು ನಿರ್ಮಾಣ, ಕಾಂಪೋಸ್ಟ್ ತಯಾರಿಕೆ, ಮಾರುಕಟ್ಟೆ ಧಾರಣೆ ಮುಂತಾದವು. ಇದಕ್ಕೂ ಅಡ್ಡಿ ಬೇಡ.

(ಇ) ನಿರ್ದಿಷ್ಟ ಶಿಫಾರಸು: ವಿಷದ ಹೆಸರು, ಪ್ರಮಾಣ, ಮಿಶ್ರಣ ಹೇಳುವುದು, ದನಕರುಗಳಿಗೆ ಇಂಥ ಚುಚ್ಚುಮದ್ದು ಕೊಡಿ ಎನ್ನುವುದು. ಇದಕ್ಕೆ ಮಾತ್ರ ಕೀಟನಾಶಕ ಮಾರುವವರಿಗೆ ಇರುವಷ್ಟಾದರೂ ಅರ್ಹತೆ ಇರಬೇಕು, ಅದನ್ನು ತೋರಿಸಲೂಬೇಕು. ಅರ್ಹತೆ ಇಲ್ಲದವರು ಡಬ್ಬಿಯ ಲೇಬಲ್ಲಿನಲ್ಲಿ ಇರುವುದನ್ನು ಬಿಟ್ಟು ಬೇರೆ ಹೇಳಬಾರದು.

ಹಣ ಪಡೆದಿದ್ದರೆ ಮೂರು ಬಗೆಯವರೂ ಅದನ್ನು ಮೊದಲೇ ಹೇಳಬೇಕು. ಇದು ಈಗಲೂ ನಿಯಮವೇ ಆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಸರಕನ್ನು ಹೊಗಳಿದವರ ಮೇಲೂ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ.

ರೈತರು ಅನುಸರಿಸಬೇಕಾದ ಕ್ರಮಗಳು

ಕಾನೂನು ಬರುವವರೆಗೆ ಹುಳು ಕಾಯುವುದಿಲ್ಲ. ಆದ್ದರಿಂದ ವಿಡಿಯೋ ನೋಡಿದ ರೈತರು ಪಂಪು ಹೆಗಲಿಗೇರಿಸುವ ಮುನ್ನ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಹಿತಕರ.

1. ಹೇಳಿದವರು ಯಾರು, ಯಾವ ಊರಿನವರು, ಏನು ಓದಿದ್ದಾರೆ ಅಥವಾ ಎಷ್ಟು ವರ್ಷ ಆ ಬೆಳೆ ಬೆಳೆದಿದ್ದಾರೆ ಎಂಬುದನ್ನು ನೋಡಬೇಕು.

2. ವಿಡಿಯೋ ತಯಾರಾದ ದಿನಾಂಕ ನೋಡಬೇಕು.

3. ಒಂದೇ ಕಂಪನಿಯ ಸರಕಿನ ಹೆಸರನ್ನು ಪದೇ ಪದೇ ಹೇಳುತ್ತಿದ್ದರೆ ಅದನ್ನು ಜಾಹೀರಾತೆಂದೇ ತಿಳಿಯಬೇಕು.

4. ಡಬ್ಬಿಯ ಮೇಲಿನ ಲೇಬಲ್ಲನ್ನೂ ಒಳಗಿನ ಕರಪತ್ರವನ್ನೂ ಓದಬೇಕು. ತಮ್ಮ ಬೆಳೆ, ತಮ್ಮ ಕೀಟದ ಹೆಸರು ಅದರಲ್ಲಿ ಇಲ್ಲದಿದ್ದರೆ ಸಿಂಪಡಿಸಕೂಡದು. ಸಿಂಪರಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬುದನ್ನು ಗುರುತು ಮಾಡಿಕೊಳ್ಳಬೇಕು. ಕೆಂಪು ತ್ರಿಕೋನವು ಅತಿ ಹೆಚ್ಚಿನ ವಿಷವನ್ನು ಸೂಚಿಸುತ್ತದೆ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು.

5. ಸಂಶಯವಿದ್ದರೆ ರೋಗ ತಗುಲಿದ ಗಿಡದ ಭಾಗದೊಡನೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಬೇಕು. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

6. ಹೊಸ ಕ್ರಮವೆಂದು ತೋರಿದ್ದನ್ನು ಇಡೀ ಹೊಲಕ್ಕೆ ಮಾಡದೆ ಮೊದಲು ಎರಡು ಸಾಲಿನಲ್ಲಿ ಮಾಡಿ ನೋಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ರೈತರು ವಿಡಿಯೋ ನೋಡುತ್ತಾರೆಂದು ದೂರುವುದರಿಂದ ಪ್ರಯೋಜನವಿಲ್ಲ. ರಾತ್ರಿ ಎಂಟು ಗಂಟೆಗೆ ಸಂಶಯ ಬಂದಾಗ ಕಚೇರಿ ಮುಚ್ಚಿರುತ್ತದೆ, ಮೊಬೈಲು ತೆರೆದಿರುತ್ತದೆ. ಅಧಿಕೃತ ಸಲಹೆ ತಡವಾಗಿ, ತಿಳಿಯದ ಭಾಷೆಯಲ್ಲಿ ಬಂದರೆ ಆ ಜಾಗವನ್ನು ಬೇರೆಯವರು ತುಂಬುತ್ತಾರೆ. ಊರಿನಲ್ಲಿ ವಿಡಿಯೋ ಮಾಡುವ ಯುವಕರಿದ್ದರೆ ಅವರನ್ನು ದೂರವಿಡದೆ ತರಬೇತಿಗೆ ಕರೆಯಬೇಕು, ಶಿಫಾರಸು ಪುಸ್ತಿಕೆಯನ್ನು ಅವರ ಕೈಗೆ ಕೊಡಬೇಕು. ಊರಿನಲ್ಲಿ ಹರಿದಾಡುತ್ತಿರುವ ತಪ್ಪು ಸಲಹೆ ಗಮನಕ್ಕೆ ಬಂದರೆ ಸರಿಯಾದದ್ದನ್ನು ಆ ವಾರದಲ್ಲಿಯೇ ತಿಳಿಸಬೇಕು.

ಅರ್ಹತೆಯ ನಿಯಮ ಬರಲಿ, ಅದು ವಿಷದ ಡಬ್ಬಿಯ ಸುತ್ತ ಬೇಲಿಯಾಗಲಿ. ರೈತರ ಬಾಯಿಗೆ ಬೀಗವಾಗುವುದು ಬೇಡ.

ಚರ್ಚೆಗೆ ಪ್ರಶ್ನೆಗಳು

1. ಅನುಭವ ಕಥನಕ್ಕೂ ನಿರ್ದಿಷ್ಟ ಶಿಫಾರಸಿಗೂ ಇರುವ ವ್ಯತ್ಯಾಸವೇನು? ತಾವು ಈಚೆಗೆ ನೋಡಿದ ವಿಡಿಯೋದಿಂದ ಒಂದೊಂದು ಉದಾಹರಣೆ ಕೊಡಿ.

2. ಪ್ರತಿ ಲೀಟರಿಗೆ 0.4 ಗ್ರಾಂ ಶಿಫಾರಸಾದರೆ 16 ಲೀಟರಿನ ಪಂಪಿಗೆ ಎಷ್ಟು ಬೇಕು?

3. ತಮ್ಮ ಮನೆಯಲ್ಲಿರುವ ಔಷಧಿ ಡಬ್ಬಿಯ ತ್ರಿಕೋನದ ಬಣ್ಣ ಯಾವುದು? ಅದು ಯಾವ ಬೆಳೆಗಳಿಗೆ ಎಂದು ಬರೆದಿದೆ?