ಮುಸುಕಿನ ಜೋಳದ ಅರಳು: ಕಾಳು ಅರಳದಿರಲು ಕಾರಣವೇನು?

ಭತ್ತದ ಅರಳು, ಜೋಳದ ಅರಳು ನಮ್ಮ ಮನೆಗಳಿಗೆ ಹೊಸತಲ್ಲ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಬಂತೆಂದರೆ ಜೋಳದ ಅರಳು ಇರಲೇಬೇಕು. ಈಗ ಮುಸುಕಿನ ಜೋಳದ ಅರಳು, ಅಂದರೆ ಪಾಪ್‌ಕಾರ್ನ್, ಹಳ್ಳಿಗಳಲ್ಲಿಯೂ ಬಳಕೆಗೆ ಬಂದಿದೆ. ಮನೆಯಲ್ಲಿಯೇ ಅರಳು ಮಾಡುವ ಸಣ್ಣ ವಿದ್ಯುತ್ ಯಂತ್ರಗಳೂ ದೊರೆಯುತ್ತವೆ. ಆದರೆ ಯಂತ್ರಕ್ಕೆ ಹಾಕಿದ ಕಾಳಿನಲ್ಲಿ ಅರ್ಧದಷ್ಟು ಅರಳದೆ ಉಳಿದರೆ ಗೃಹಿಣಿ ಯಂತ್ರವನ್ನು ದೂರುತ್ತಾಳೆ, ವ್ಯಾಪಾರಿ ರೈತನನ್ನು ದೂರುತ್ತಾನೆ. ತಪ್ಪು ಹೆಚ್ಚಾಗಿ ಕಾಳಿನ ತೇವಾಂಶದಲ್ಲಿರುತ್ತದೆ.

ಕಾಳು ಅರಳುವ ಬಗೆ

ಎಲ್ಲ ಮುಸುಕಿನ ಜೋಳವೂ ಚೆನ್ನಾಗಿ ಅರಳುವುದಿಲ್ಲ. ಕೋಳಿ ಆಹಾರಕ್ಕೆ ಬೆಳೆಯುವ ಸಾಮಾನ್ಯ ತಳಿಗಳ ಕಾಳಿನಲ್ಲಿ ಮೆದು ಪಿಷ್ಟ ಹೆಚ್ಚು. ಅರಳಿನ ತಳಿಯ ಕಾಳು ಚಿಕ್ಕದು, ಗಾಜಿನಂತೆ ಗಟ್ಟಿ, ಸಿಪ್ಪೆಯೂ ಭದ್ರ. ಕಾಯಿಸಿದಾಗ ಒಳಗಿನ ನೀರು ಆವಿಯಾಗುತ್ತದೆ. ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಉಷ್ಣತೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ಸಿಡಿದು, ಬೆಂದ ಪಿಷ್ಟ ನೊರೆಯಂತೆ ಹಿಗ್ಗಿ ಹೊರಬರುತ್ತದೆ. ಇದಕ್ಕೆ ಕಾಳಿನಲ್ಲಿ ಶೇಕಡ 13ರಿಂದ 14.5ರಷ್ಟು ತೇವಾಂಶ ಬೇಕು. ಸಿಪ್ಪೆಯಲ್ಲಿ ಸಣ್ಣ ಬಿರುಕಿದ್ದರೂ ಆವಿ ಸೋರಿಹೋಗುತ್ತದೆ.

ಕೊಯ್ಲಿನ ನಂತರ

ತೆನೆ ಪೂರ್ಣ ಬಲಿತು ಒಣಗಿದ ಮೇಲೆ ಕೊಯ್ಯಬೇಕು. ತೆನೆಗಳನ್ನು ಗಾಳಿಯಾಡುವ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಸುಡುಬಿಸಿಲಿನಲ್ಲಿ ಹರಡಿದರೆ ಕಾಳು ಬಿರುಕು ಬಿಡಬಹುದು. ಕೋಲಿನಿಂದ ಬಡಿಯದೆ, ಕೈಯಿಂದ ಬಿಡಿಸುವುದು ಉತ್ತಮ. ಹದವಾಗಿ ಒಣಗಿದ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬೇಕು. ಬೂಷ್ಟು ಹಿಡಿದ ಕಾಳನ್ನು ತೆಗೆದುಹಾಕಬೇಕು. ಅದರ ವಿಷ ಹುರಿದರೆ ಪೂರ್ತಿ ನಾಶವಾಗುವುದಿಲ್ಲ.

ಯಂತ್ರದ ಬಳಕೆ

ಬಿಸಿಗಾಳಿಯ ಯಂತ್ರಕ್ಕೆ ಎಣ್ಣೆ ಬೇಕಿಲ್ಲ. ಅದರೊಡನೆ ಬರುವ ಅಳತೆ ಬಟ್ಟಲಿಗಿಂತ ಹೆಚ್ಚು ಕಾಳು ಹಾಕಬಾರದು. ಹೆಚ್ಚು ಹಾಕಿದರೆ ಕಾಳು ತಿರುಗದೆ ತಳದಲ್ಲಿ ಸೀಯುತ್ತದೆ. ಉಪ್ಪು, ಬೆಣ್ಣೆ, ಸಕ್ಕರೆಯನ್ನು ಯಂತ್ರದೊಳಗೆ ಹಾಕದೆ, ಅರಳಿಗೆ ಆಮೇಲೆ ಬೆರೆಸಬೇಕು. ಸಿಡಿಯುವ ಸದ್ದಿನ ನಡುವೆ ಎರಡು ಮೂರು ಸೆಕೆಂಡು ಬಿಡುವು ಬಂದೊಡನೆ ಯಂತ್ರ ನಿಲ್ಲಿಸಬೇಕು. ಬಿಸಿ ಕಾಳು ಹಾರುವುದುಂಟು, ಮಕ್ಕಳನ್ನು ದೂರವಿರಿಸಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅರಳು ಕೊಡಬಾರದು. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಮನೆಯಲ್ಲಿಯೇ ಪರೀಕ್ಷೆ

ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, 100 ಕಾಳು ಎಣಿಸಿ ಹಾಕಿ ಮುಚ್ಚಬೇಕು. ಪಾತ್ರೆಯನ್ನು ಆಗಾಗ ಅಲುಗಾಡಿಸುತ್ತಿರಬೇಕು. ಕೊನೆಗೆ ಅರಳದೆ ಉಳಿದವನ್ನು ಎಣಿಸಬೇಕು.

ಬಹಳಷ್ಟು ಕಾಳು ಹಾಗೆಯೇ ಉಳಿದು, ಅರಳಿದವೂ ಚಿಕ್ಕದಾಗಿದ್ದರೆ ಕಾಳು ಅತಿಯಾಗಿ ಒಣಗಿರಬಹುದು. ಆಗ ಒಂದು ಕಿಲೋ ಕಾಳಿಗೆ ಸುಮಾರು 25 ಮಿಲಿಲೀಟರ್ ನೀರು ಚಿಮುಕಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ದಿನಕ್ಕೆರಡು ಸಲ ಕುಲುಕುತ್ತಾ ಮೂರು ನಾಲ್ಕು ದಿನ ಇಟ್ಟು ಮತ್ತೆ ಪರೀಕ್ಷಿಸಬೇಕು. ಅರಳು ಜಿಗುಟಾಗಿ, ಅಗಿಯಲು ನಾರಿನಂತಿದ್ದರೆ ತೇವ ಹೆಚ್ಚಾಗಿದೆ. ನೆರಳಿನಲ್ಲಿ ಒಂದೆರಡು ದಿನ ಆರಿಸಬೇಕು. ಎರಡರಿಂದಲೂ ಸುಧಾರಿಸದಿದ್ದರೆ ಸಿಪ್ಪೆ ಒಡೆದಿದೆ ಅಥವಾ ಬೀಜವೇ ಅರಳಿನ ತಳಿಯದಲ್ಲ ಎಂದು ತಿಳಿಯಬೇಕು.

ಮಾರಾಟಕ್ಕೆ ಮೊದಲು ಪ್ರತಿ ಚೀಲದಿಂದ ನೂರು ಕಾಳು ತೆಗೆದು ಹೀಗೆ ನೋಡಿಕೊಂಡ ರೈತನು ವ್ಯಾಪಾರಿಯ ಮುಂದೆ ತನ್ನ ಕಾಳಿನ ಗುಣವನ್ನು ತಾನೇ ಹೇಳಬಲ್ಲನು. ಹದ ತಪ್ಪಿದ ಒಳ್ಳೆಯ ಕಾಳನ್ನು ಕೋಳಿ ಆಹಾರದ ಬೆಲೆಗೆ ಬಿಟ್ಟುಕೊಡುವ ನಷ್ಟವೂ ತಪ್ಪುತ್ತದೆ.