ಮಕ್ಕಳು ಕಂಪ್ಯೂಟರಿಗೆ ಆಜ್ಞೆ ಬರೆಯಲು ಕಲಿಯುವುದು ಹೇಗೆ?



ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಪ್ರೋಗ್ರಾಮಿಂಗ್ ಕಲಿಯುತ್ತೇನೆ ಎಂದು ಕೇಳಿದಾಗ ಮನೆಯಲ್ಲಿ ಎರಡು ಬಗೆಯ ಮಾತು ಏಳುವುದುಂಟು. ಇದು ಪಟ್ಟಣದವರ ವಿದ್ಯೆ, ನಮಗೇಕೆ ಎಂಬುದು ಒಂದು. ಸಾಲ ಮಾಡಿಯಾದರೂ ದೊಡ್ಡ ಫೀಜಿನ ತರಗತಿಗೆ ಸೇರಿಸಿಬಿಡೋಣ ಎಂಬುದು ಇನ್ನೊಂದು. ಎರಡೂ ಅವಸರದ ಮಾತುಗಳು. ಈ ವಿದ್ಯೆಯ ಮೊದಲ ಪಾಠಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲು, ಮತ್ತು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಲೆಕ್ಕ. ಆ ಪಾಠವನ್ನು ಇಲ್ಲಿ ಕೊಟ್ಟಿದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿರಿ.

ಪ್ರೋಗ್ರಾಂ ಎಂದರೇನು?

ಕಂಪ್ಯೂಟರು ಬಹಳ ಚುರುಕಾದ ಆಳು. ಆದರೆ ಅದು ತಾನಾಗಿ ಏನನ್ನೂ ಊಹಿಸಿಕೊಳ್ಳುವುದಿಲ್ಲ. "ಹೋಗಿ ನೀರು ಕಟ್ಟಿ ಬಾ" ಎಂದು ಮಗನಿಗೆ ಹೇಳಿದರೆ ಸಾಕು. ಯಾವ ಮಡಿಗೆ ಮೊದಲು, ಎಷ್ಟು ತುಂಬಿದ ಮೇಲೆ ಮುಂದಿನ ಮಡಿಗೆ ತಿರುಗಿಸಬೇಕು ಎಂಬುದು ಅವನಿಗೆ ಗೊತ್ತು. ಯಂತ್ರಕ್ಕಾದರೆ ಇದೆಲ್ಲವನ್ನೂ ಒಂದೊಂದಾಗಿ, ಕ್ರಮ ತಪ್ಪದೆ ಹೇಳಬೇಕು. ಹಾಗೆ ಕ್ರಮವಾಗಿ ಬರೆದ ಆಜ್ಞೆಗಳ ಪಟ್ಟಿಗೆ ಪ್ರೋಗ್ರಾಂ ಎಂದು ಹೆಸರು. ಪಟ್ಟಿ ಸರಿಯಾಗಿದ್ದರೆ ಉತ್ತರ ಸರಿ. ತಪ್ಪಾಗಿದ್ದರೆ ಯಂತ್ರವು ಆ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ.

ಮೊದಲ ಪಾಠ: ಗೊಬ್ಬರದ ಲೆಕ್ಕ

ಎರಡು ಎಕರೆ ಹೊಲವಿದೆ. ಎಕರೆಗೆ ಸಾರಜನಕ 40 ಕಿಲೋ, ರಂಜಕ 23 ಕಿಲೋ ಕೊಡಬೇಕೆಂದು ಸಲಹೆ ಬಂದಿದೆ ಎಂದಿಟ್ಟುಕೊಳ್ಳಿ. ಪೊಟ್ಯಾಷಿನ ಲೆಕ್ಕವನ್ನು ಸದ್ಯ ಬಿಡೋಣ. 100 ಕಿಲೋ ಯೂರಿಯಾದಲ್ಲಿ ಸಾರಜನಕ 46 ಕಿಲೋ ಇರುತ್ತದೆ. 100 ಕಿಲೋ ಡಿ.ಎ.ಪಿ.ಯಲ್ಲಿ ರಂಜಕ 46 ಕಿಲೋ, ಅದರ ಜೊತೆಗೆ ಸಾರಜನಕವೂ 18 ಕಿಲೋ ಇರುತ್ತದೆ. ಈಗ ಮಗುವಿನ ಕೈಯಲ್ಲಿ ಆಜ್ಞೆಗಳನ್ನು ಹೀಗೆ ಬರೆಸಿರಿ:

1. ಹೊಲ ಎಷ್ಟು ಎಕರೆ ಎಂದು ಕೇಳು.
2. ಎಕರೆಗೆ ಬೇಕಾದ ಸಾರಜನಕವೆಷ್ಟು, ರಂಜಕವೆಷ್ಟು ಎಂದು ಕೇಳು.
3. ಎರಡನ್ನೂ ಎಕರೆಯಿಂದ ಗುಣಿಸು. (ಸಾರಜನಕ 80, ರಂಜಕ 46)
4. ಒಟ್ಟು ರಂಜಕವನ್ನು 100ರಿಂದ ಗುಣಿಸಿ 46ರಿಂದ ಭಾಗಿಸು. ಇದು ಡಿ.ಎ.ಪಿ. (100 ಕಿಲೋ)
5. ಡಿ.ಎ.ಪಿ.ಯನ್ನು 18ರಿಂದ ಗುಣಿಸಿ 100ರಿಂದ ಭಾಗಿಸು. ಇದು ಅದರಿಂದಲೇ ಸಿಗುವ ಸಾರಜನಕ. (18 ಕಿಲೋ)
6. ಒಟ್ಟು ಸಾರಜನಕದಿಂದ ಇದನ್ನು ಕಳೆ. (ಬಾಕಿ 62 ಕಿಲೋ)
7. ಬಾಕಿಯನ್ನು 100ರಿಂದ ಗುಣಿಸಿ 46ರಿಂದ ಭಾಗಿಸು. ಇದು ಯೂರಿಯಾ. (ಸುಮಾರು 135 ಕಿಲೋ)
8. ಉತ್ತರವನ್ನು ತೋರಿಸು.

50 ಕಿಲೋ ತೂಕದ ಡಿ.ಎ.ಪಿ. ಎರಡು ಚೀಲ, 45 ಕಿಲೋ ತೂಕದ ಯೂರಿಯಾ ಮೂರು ಚೀಲ. ಲೆಕ್ಕ ಮುಗಿಯಿತು.

ಯಂತ್ರ ಹೇಳದ ತಪ್ಪು

ಈಗ ಐದನೆಯ ಮತ್ತು ಆರನೆಯ ಆಜ್ಞೆಗಳನ್ನು ಹೊಡೆದುಹಾಕಿ, ಏಳನೆಯದರಲ್ಲಿ ಬಾಕಿಯ ಬದಲು ಒಟ್ಟು ಸಾರಜನಕವನ್ನೇ ಹಾಕಿ ನೋಡಿರಿ. ಯೂರಿಯಾ ಸುಮಾರು 174 ಕಿಲೋ ಆಗುತ್ತದೆ. ಅಂದರೆ 39 ಕಿಲೋ ಹೆಚ್ಚು. ಹಣ ದಂಡವಾಗುವುದಲ್ಲದೆ ಬೆಳೆ ಸೊಕ್ಕಿ ನೆಲಕ್ಕೆ ಒರಗುವ ಭಯ, ಕೀಟ ಹೆಚ್ಚುವ ಭಯವೂ ಉಂಟು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆಜ್ಞೆಯ ಅಕ್ಷರ ತಪ್ಪಿದರೆ, ಆವರಣ ಬಿಟ್ಟುಹೋದರೆ ಕಂಪ್ಯೂಟರು ನಿಂತು, ಎಷ್ಟನೆಯ ಸಾಲಿನಲ್ಲಿ ತೊಡಕು ಎಂದು ಸಾಮಾನ್ಯವಾಗಿ ತಿಳಿಸುತ್ತದೆ. ಅಂಥ ತಪ್ಪಿಗೆ ಹೆದರಬೇಕಾಗಿಲ್ಲ. ಆದರೆ 174 ಎಂಬ ಉತ್ತರವನ್ನು ಅದು ಏನೂ ಅಳುಕಿಲ್ಲದೆ ತೋರಿಸುತ್ತದೆ. ಆ ತಪ್ಪನ್ನು ಹಿಡಿಯುವವರು ಹೊಲ ಬಲ್ಲವರು, ಅಂದರೆ ನೀವು. ಆದುದರಿಂದ ಇಂಗ್ಲಿಷ್ ಬಾರದ ತಂದೆ ತಾಯಿಯೂ ಈ ಪಾಠದಲ್ಲಿ ಗುರುಗಳೇ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುತ್ತವೆ. ಅವು ಬರೆದದ್ದನ್ನೂ ಹೀಗೆಯೇ ಪರೀಕ್ಷಿಸಬೇಕು. ತಾನೇ ಬರೆದು ಅಭ್ಯಾಸವಿಲ್ಲದ ಮಗುವಿಗೆ ಅದು ಸಾಧ್ಯವಾಗದು.

ಎರಡನೆಯ ಪಾಠ: "ಆದರೆ" ಮತ್ತು "ಮತ್ತೆ ಮತ್ತೆ"

ದ್ವಿದಳ ಧಾನ್ಯಕ್ಕೆ ಸಾರಜನಕ ಕಡಿಮೆ ಸಾಕು. ಒಂದು ಎಕರೆಗೆ ಸಾರಜನಕ 8, ರಂಜಕ 23 ಎಂದು ಅದೇ ಪಟ್ಟಿಗೆ ಕೊಡಿರಿ. ಡಿ.ಎ.ಪಿ. 50 ಕಿಲೋ ಬರುತ್ತದೆ. ಅದರಿಂದಲೇ ಸಾರಜನಕ 9 ಕಿಲೋ ಸಿಗುತ್ತದೆ. ಬಾಕಿ ಸೊನ್ನೆಗಿಂತ ಒಂದು ಕಡಿಮೆ! ಯೂರಿಯಾವನ್ನು ಹೊಲದಿಂದ ಎರಡು ಕಿಲೋ ಹಿಂದಕ್ಕೆ ತೆಗೆಯಿರಿ ಎಂಬ ಉತ್ತರ ಬರುತ್ತದೆ. ಮನುಷ್ಯರು ನಗುತ್ತಾರೆ, ಯಂತ್ರ ನಗುವುದಿಲ್ಲ. ಆಗ ಆರನೆಯ ಆಜ್ಞೆಯ ಕೆಳಗೆ ಒಂದು ಸಾಲು ಸೇರಿಸಬೇಕು: "ಬಾಕಿ ಸೊನ್ನೆಗಿಂತ ಕಡಿಮೆಯಾದರೆ ಅದನ್ನು ಸೊನ್ನೆ ಎಂದು ತಿಳಿ." ಇದಕ್ಕೆ ಷರತ್ತು ಎನ್ನುತ್ತಾರೆ.

ಊರಿನ ಅರವತ್ತು ಹಿಡುವಳಿಗೂ ಲೆಕ್ಕ ಬೇಕಾದರೆ ಪಟ್ಟಿಯನ್ನು ಅರವತ್ತು ಸಲ ಬರೆಯಬೇಕಾಗಿಲ್ಲ. "ಪ್ರತಿಯೊಂದು ಹಿಡುವಳಿಗೂ ಹೀಗೆಯೇ ಮಾಡು" ಎಂದು ಮೇಲೆ ಒಂದು ಸಾಲು ಬರೆದರೆ ಸಾಕು. ಇದು ಪುನರಾವರ್ತನೆ. ಕ್ರಮ, ಷರತ್ತು, ಪುನರಾವರ್ತನೆ ಈ ಮೂರೇ ಈ ವಿದ್ಯೆಯ ಬುನಾದಿ. ದೊಡ್ಡ ದೊಡ್ಡ ಪ್ರೋಗ್ರಾಮುಗಳು ನಿಂತಿರುವುದೂ ಇವುಗಳ ಮೇಲೆಯೇ.

ಯಾವ ವಯಸ್ಸು? ಯಾವ ಭಾಷೆ?

ಹದಿಮೂರು ಹದಿನಾಲ್ಕು ವರ್ಷ ಒಳ್ಳೆಯ ವಯಸ್ಸು. 1968ರಲ್ಲಿ ಅಮೆರಿಕದ ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಯ ತಾಯಂದಿರ ಸಂಘದವರು ಹಳೆಯ ಸಾಮಾನು ಮಾರಿ ಬಂದ ಹಣದಿಂದ ಮಕ್ಕಳಿಗೆ ಒಂದು ಟೆಲಿಟೈಪ್ ಯಂತ್ರ ಒದಗಿಸಿದರು. ಕಂಪ್ಯೂಟರು ಇದ್ದದ್ದು ಬೇರೆ ಕಡೆ. ಟೆಲಿಫೋನ್ ತಂತಿಯಲ್ಲಿ ಅದಕ್ಕೆ ಸಂಪರ್ಕ. ಬಳಸಿದ ಸಮಯಕ್ಕೆ ಬಾಡಿಗೆ. ಅಲ್ಲಿ ಬೇಸಿಕ್ ಎಂಬ ಭಾಷೆಯಲ್ಲಿ ಸೊನ್ನೆ-ಗುಣಾಕಾರದ ಆಟ ಬರೆದು ಕಲಿಕೆ ತೊಡಗಿದ 13 ವರ್ಷದ ಹುಡುಗ ಬಿಲ್ ಗೇಟ್ಸ್. 1975ರಲ್ಲಿ ಅವನೂ ಅದೇ ಶಾಲೆಯ ಪಾಲ್ ಆಲನ್ನನೂ ಕೂಡಿ ಮೈಕ್ರೋಸಾಫ್ಟ್ ಕಂಪೆನಿ ತೆರೆದರು. ಅದು ಉಳ್ಳವರ ಶಾಲೆ, ನಿಜ. ಆದರೆ ಅಂದು ಅವರು ಬಾಡಿಗೆ ಕೊಟ್ಟು ಪಡೆದ ಅವಕಾಶ ಇಂದು ಅಷ್ಟು ದುಬಾರಿಯಲ್ಲ. ಕಲಿತ ಮಕ್ಕಳೆಲ್ಲ ಕಂಪೆನಿ ತೆರೆಯುತ್ತಾರೆಂದು ಆಸೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ತಾಯಂದಿರು ಕೂಡಿ ಮನಸ್ಸು ಮಾಡಿದರೆ ಮಕ್ಕಳ ಕೈಗೆ ಸಾಧನ ಎಟಕುತ್ತದೆ ಎಂಬುದನ್ನು ನಮ್ಮ ಸ್ವಸಹಾಯ ಸಂಘಗಳು ಗಮನಿಸಬಹುದು.

ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್ ಎಂಬ ಸಾಧನ ಅನುಕೂಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2007ರಲ್ಲಿ ಹೊರತಂದ ಇದರಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ಹೈಸ್ಕೂಲು ಮಕ್ಕಳಿಗೆ ಪೈಥಾನ್ ಭಾಷೆ ಸರಿ. ಇದು 1991ರಲ್ಲಿ ಹೊರಬಂತು. ರಚಿಸಿದವರು ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್. ಇದರ ಮೀಸಲು ಪದಗಳು 35 ಮಾತ್ರ. ಅವು ಇಂಗ್ಲಿಷಿನವು. ಆದರೆ ಎಕರೆ, ಬಾಕಿ ಮುಂತಾಗಿ ನಾವು ಇಡುವ ಹೆಸರುಗಳನ್ನು 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದೀಚೆಗೆ ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಉತ್ತರವನ್ನೂ ಕನ್ನಡದಲ್ಲಿ ತೋರಿಸಬಹುದು. ಎರಡಕ್ಕೂ ಬೆಲೆಯಿಲ್ಲ. ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ.

ಏನು ಮಾಡಬೇಕು?

- ಶಾಲೆಯಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ಎಂದು ಮೊದಲು ವಿಚಾರಿಸಿರಿ. ಇದ್ದರೆ ವಾರಕ್ಕೆ ಎರಡು ಗಂಟೆ ಗೊತ್ತುಮಾಡಿಕೊಳ್ಳಿರಿ.
- ಕಾಗದದ ಮೇಲೆ ಬರೆದು, ಕೈಲೆಕ್ಕದಿಂದ ತಾಳೆ ನೋಡಿದ ಮೇಲೆಯೇ ಯಂತ್ರದ ಮುಂದೆ ಕುಳಿತುಕೊಳ್ಳಲಿ.
- ಮೂರು ತಿಂಗಳು ಹೀಗೆ ಕಲಿತು ಆಸಕ್ತಿ ಉಳಿದರೆ ಆಗ ಫೀಜಿನ ತರಗತಿಯ ಯೋಚನೆ ಮಾಡಿರಿ. ಅದಕ್ಕೆ ಮುಂಚೆ ಸಾಲ ಮಾಡಬೇಡಿರಿ.
- ಹುಡುಗನನ್ನು ಕಳುಹಿಸಿ ಹುಡುಗಿಯನ್ನು ಮನೆಗೆಲಸಕ್ಕೆ ಉಳಿಸಿಕೊಳ್ಳಬೇಡಿರಿ. ಕೆಲಸವನ್ನು ಇಬ್ಬರಿಗೂ ಹಂಚಿ, ಇಬ್ಬರನ್ನೂ ಕಳುಹಿಸಿರಿ.
- ತಪ್ಪಾದರೆ ಗದರಿಸಬೇಡಿರಿ. ಯಾವ ಸಾಲಿನಲ್ಲಿ ತಪ್ಪಿತು ಎಂದು ಕೇಳಿರಿ.

ಅಭ್ಯಾಸ

1. ಡೈರಿಗೆ ದಿನಕ್ಕೆರಡು ಹೊತ್ತು ಹಾಲು ಹಾಕುತ್ತೀರಿ. ಲೀಟರು ಮತ್ತು ದರ ಕೊಟ್ಟರೆ ವಾರದ ಹಣ ತಿಳಿಸುವ ಆಜ್ಞೆಗಳನ್ನು ಬರೆಯಿರಿ. ಒಂದು ಹೊತ್ತು ಹಾಲು ಹಾಕದಿದ್ದರೆ ನಿಮ್ಮ ಪಟ್ಟಿ ಏನು ಮಾಡುತ್ತದೆ?
2. ಗೊಬ್ಬರದ ಪಟ್ಟಿಗೆ ಎಕರೆಯ ಬದಲು ಗುಂಟೆಯಲ್ಲಿ ಉತ್ತರ ಕೊಟ್ಟರೆ ಏನಾಗುತ್ತದೆ? 40 ಗುಂಟೆಗೆ ಒಂದು ಎಕರೆ ಎಂಬುದನ್ನು ಎಷ್ಟನೆಯ ಆಜ್ಞೆಯ ನಂತರ ಸೇರಿಸಬೇಕು?